ಹೆಣ್ಣು ಮರಿ ಬೇಡ ಅಂತ ಬಿಟ್ಟು ಬಂದ್ರಾ?

ಕಾಪು, ಕಾರ್ಕಳದ ಹಳ್ಳಿ ರಸ್ತೆಯಲ್ಲಿ ಅಲೆಯುವ ನಾಯಿಗಳೆಲ್ಲ ಬೀದಿಯಲ್ಲೇ ಹುಟ್ಟಿದವಲ್ಲ. ಮನೆಯಲ್ಲಿ ಹುಟ್ಟಿದ ಹೆಣ್ಣು ಮರಿಗಳನ್ನು ಗೋಣಿಯಲ್ಲಿ ತುಂಬಿ, ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬರುವವರು ನಮ್ಮಲ್ಲೇ ಇದ್ದಾರೆ.

ಆ ಮರಿ ವರ್ಷದೊಳಗೇ ತಾಯಿಯಾಗಬಲ್ಲದು. ಗರ್ಭ ಬರೀ ಎರಡು ತಿಂಗಳು. ಲೆಕ್ಕ ನೀವೇ ಹಾಕಿ!

ಸಾಕಿದ ಪ್ರಾಣಿಯನ್ನು ಹೀಗೆ ಉಪವಾಸಕ್ಕೆ ದೂಡುವುದು 1960ರ ಪ್ರಾಣಿ ಕ್ರೌರ್ಯ ತಡೆ ಕಾಯ್ದೆಯಡಿ ಅಪರಾಧ. 2023ರ ನಿಯಮದಂತೆ ಬೀದಿನಾಯಿಯ ಸಂತಾನಹರಣ, ಲಸಿಕೆ ಸ್ಥಳೀಯ ಆಡಳಿತದ ಹೊಣೆ; ಸಾಕುನಾಯಿಯದ್ದು ಮಾಲೀಕರದ್ದೇ.

ನಾಯಿ ಕಚ್ಚಿದರೆ? ಸೋಪು ಹಾಕಿ, ಹರಿಯುವ ನೀರಲ್ಲಿ 15 ನಿಮಿಷ ಗಾಯ ತೊಳೆಯಿರಿ. ಅರಶಿನ, ಸುಣ್ಣ ಹಚ್ಚಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ರೇಬಿಸ್ ಲಕ್ಷಣ ಕಂಡ ಮೇಲೆ ಬದುಕುವುದು ತೀರಾ ಅಪರೂಪ.

ನಾಯಿ ಸಾಕಿದ್ದೀರಾ? ಲಸಿಕೆ, ಆಪರೇಷನ್ ಬಗ್ಗೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಇವತ್ತೇ ಕೇಳಿ.