ಹೋಂ ಥಿಯೇಟರಿನಲ್ಲಿ ಸದ್ದು ಹರಿಯುವ ದಾರಿ

ಹೋಂ ಥಿಯೇಟರಿನ ಸದ್ದು ಮೂರು ಹಂತ ದಾಟಿ ಕಿವಿಗೆ ಬರುತ್ತದೆ. ಬ್ಲೂ-ರೇ ಪ್ಲೇಯರ್, ಸೆಟ್‌ಟಾಪ್ ಬಾಕ್ಸ್ ಅಥವಾ ಟಿವಿಯೊಳಗಿನ ಆಪ್ ಅದನ್ನು ಅಂಕಿಗಳ ರೂಪದಲ್ಲಿ ಕೊಡುತ್ತದೆ. ರಿಸೀವರ್ ಆ ಅಂಕಿಗಳನ್ನು ಬಿಡಿಸಿ ವಿದ್ಯುತ್ ಅಲೆಯಾಗಿ ಮಾಡುತ್ತದೆ, ಆಂಪ್ಲಿಫೈಯರ್ ಅಲೆಯನ್ನು ಹಿಗ್ಗಿಸಿ ಸ್ಪೀಕರಿಗೆ ಕೊಡುತ್ತದೆ. ಸಾಮಾನ್ಯ ಸೆಟ್ಟಿನಲ್ಲಿ ಕೊನೆಯ ಎರಡು ಕೆಲಸವೂ ಒಂದೇ ಪೆಟ್ಟಿಗೆಯೊಳಗೆ. ದುಬಾರಿ ಸೆಟ್ಟಿನಲ್ಲಿ ಅಂಕಿ ಬಿಡಿಸುವ ಪ್ರೊಸೆಸರ್ ಬೇರೆ, ಅಲೆ ಹಿಗ್ಗಿಸುವ ಪವರ್ ಆಂಪ್ಲಿಫೈಯರ್ ಬೇರೆ. ಲಕ್ಷಗಟ್ಟಲೆ ಸುರಿದರೂ ಸದ್ದು ಮಾಮೂಲಿಯಾಗಿಯೇ ಕೇಳಿಸಿದರೆ ಸ್ಪೀಕರನ್ನು ದೂರುವ ಮೊದಲು ಈ ಪೆಟ್ಟಿಗೆಗಳ ಹಿಂಬದಿಯನ್ನು ನೋಡಬೇಕು.

ಅಲ್ಲಿ ಡಿಜಿಟಲ್ ಸದ್ದಿಗೆ ಮುಖ್ಯವಾಗಿ ಮೂರು ಬಗೆಯ ಕಿಂಡಿಗಳಿರುತ್ತವೆ: ಕೋಆಕ್ಸಿಯಲ್, ಆಪ್ಟಿಕಲ್, ಎಚ್‌ಡಿಎಂಐ. ಮೊದಲ ಎರಡೂ ಸಿಡಿ ಕಾಲದವು. ಸೋನಿ ಮತ್ತು ಫಿಲಿಪ್ಸ್ ಸೇರಿ ರೂಪಿಸಿದ ಒಂದೇ ಭಾಷೆಯನ್ನು ಕೋಆಕ್ಸಿಯಲ್ ತಾಮ್ರದ ತಂತಿಯಲ್ಲಿ ಒಯ್ದರೆ, ತೋಷಿಬಾ 1983ರಲ್ಲಿ ತಂದ ಆಪ್ಟಿಕಲ್ ಕೇಬಲ್ ಬೆಳಕಿನಲ್ಲಿ ಒಯ್ಯುತ್ತದೆ. ಸಿಡಿಯಿಂದ ಸೆಕೆಂಡಿಗೆ ಬರುವುದು 14,11,200 ಬಿಟ್. ಅದಕ್ಕೆ ಈ ದಾರಿ ಧಾರಾಳ. ಡಿವಿಡಿ ಬಂದಾಗ ಹಳೆಯ ಡಾಲ್ಬಿ ಡಿಜಿಟಲ್ ಮತ್ತು ಡಿಟಿಎಸ್‌ನ 5.1 ಸದ್ದನ್ನೂ ಕುಗ್ಗಿಸಿ ಇದರಲ್ಲೇ ತೂರಿಸಲಾಯಿತು. ಆದರೆ ಬ್ಲೂ-ರೇ ಡಿಸ್ಕಿನ ಡಾಲ್ಬಿ ಟ್ರೂಎಚ್‌ಡಿ ಸೆಕೆಂಡಿಗೆ 1.8 ಕೋಟಿ ಬಿಟ್‌ವರೆಗೂ ಹೋಗಬಲ್ಲದು. ಅದು ಈ ಇಕ್ಕಟ್ಟಿನಲ್ಲಿ ಹಾಯುವುದಿಲ್ಲ.

ನೆತ್ತಿಯ ಮೇಲಿಂದಲೂ ಸದ್ದು ಕೇಳಿಸುವ, 2014ರಿಂದ ಮನೆಗಳಿಗೂ ಬಂದ ಡಾಲ್ಬಿ ಅಟ್ಮಾಸ್ ಸಿಕ್ಕಿಬೀಳುವುದು ಇಲ್ಲೇ. ಡಿಸ್ಕಿನಲ್ಲಿ ಅದು ಟ್ರೂಎಚ್‌ಡಿಯೊಂದಿಗೆ ಬರುತ್ತದೆ, ಆಪ್‌ಗಳಲ್ಲಿ ಡಾಲ್ಬಿ ಡಿಜಿಟಲ್ ಪ್ಲಸ್‌ನೊಂದಿಗೆ. ಎರಡಕ್ಕೂ ಆಪ್ಟಿಕಲ್ ದಾರಿ ಇಲ್ಲ. ಮೇಲ್ಛಾವಣಿಗೆ ನಾಲ್ಕು ಸ್ಪೀಕರ್ ಕೂರಿಸಿ, ಹಳೆಯ ಆಪ್ಟಿಕಲ್ ಕೇಬಲನ್ನೇ ಉಳಿಸಿಕೊಂಡ ಮನೆಗೆ ಅಟ್ಮಾಸ್ ಬರುವುದೇ ಇಲ್ಲ.

ಆದ್ದರಿಂದ ಎಚ್‌ಡಿಎಂಐಯೇ ಹೆದ್ದಾರಿ. 2002ರಲ್ಲಿ ಬಂದ ಇದು 2006ರ 1.3ನೇ ಆವೃತ್ತಿಯಿಂದ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿಗಳನ್ನು ಬಿಡಿಸದೆ ಹಾಗೇ ಒಯ್ಯಬಲ್ಲದು. ಪ್ಲೇಯರಿನಿಂದ ನೇರ ರಿಸೀವರಿಗೆ, ರಿಸೀವರಿನಿಂದ ಟಿವಿಗೆ: ಇದು ಎಲ್ಲಕ್ಕಿಂತ ಭರವಸೆಯ ಜೋಡಣೆ. ಟಿವಿಯೊಳಗಿನ ಆಪ್‌ಗಳ ಸದ್ದು ಮಾತ್ರ ಹಿಂದಕ್ಕೆ ಹರಿಯಬೇಕು. ಅದಕ್ಕಾಗಿ 2009ರಲ್ಲಿ ಎಆರ್‌ಸಿ ಬಂತು, 2017ರಲ್ಲಿ ಅದರ ಅಗಲವಾದ ರೂಪ ಇ-ಎಆರ್‌ಸಿ. ಟಿವಿಯಲ್ಲಿ ನಾಲ್ಕು ಎಚ್‌ಡಿಎಂಐ ಕಿಂಡಿಗಳಿದ್ದರೂ ಸಾಮಾನ್ಯವಾಗಿ ಒಂದಕ್ಕೆ ಮಾತ್ರ ಈ ಶಕ್ತಿ. ಪಕ್ಕದಲ್ಲೇ ಹೆಸರು ಬರೆದಿರುತ್ತದೆ.

ತಂತಿ ಸರಿಯಾದ ಮೇಲೂ ಸೆಟ್ಟಿಂಗ್ ಉಳಿಯುತ್ತದೆ. ಟಿವಿಯಲ್ಲಿ ಇ-ಎಆರ್‌ಸಿ ಆನ್ ಮಾಡಿ, ಡಿಜಿಟಲ್ ಔಟ್‌ಪುಟ್ಟನ್ನು ಪಾಸ್-ಥ್ರೂಗೆ ಇಡಬೇಕು. ಪ್ಲೇಯರಿನಲ್ಲಿ ಬಿಟ್‌ಸ್ಟ್ರೀಮ್ ಆರಿಸಿ, ಸೆಕೆಂಡರಿ ಆಡಿಯೋ ಆಫ್ ಮಾಡಬೇಕು. ಅದು ಆನ್ ಇದ್ದರೆ ಹಲವು ಪ್ಲೇಯರುಗಳು ಟ್ರೂಎಚ್‌ಡಿಯನ್ನು ಹಳೆಯ ಡಾಲ್ಬಿಗೆ ಇಳಿಸಿಬಿಡುತ್ತವೆ. ಕೊನೆಗೆ ಏನು ತಲುಪಿದೆ ಎಂಬುದನ್ನು ರಿಸೀವರಿನ ಮುಖಫಲಕವೇ ಬರೆದು ತೋರಿಸುತ್ತದೆ. ಆಂಧ್ರದ ಆದವಾನಿ, ಎಮ್ಮಿಗನೂರು, ನಂದವರಂ ಸೀಮೆಯ ಕನ್ನಡ ಮನೆಗಳಲ್ಲಿ ಕನ್ನಡ, ತೆಲುಗು ಎರಡರ ಸಿನಿಮಾಗಳೂ ಓಡುತ್ತವೆ. ಅಂಥಲ್ಲಿ ಈ ಫಲಕದ ಮೇಲೆ ಕಣ್ಣಿಡುವುದು ಒಳ್ಳೆಯದು: ಒಂದೇ ಚಿತ್ರದ ಮೂಲ ಭಾಷೆಗೆ ಅಟ್ಮಾಸ್ ಇದ್ದು, ಡಬ್ ಆದ ಭಾಷೆಗೆ 5.1 ಅಥವಾ ಬರೀ ಸ್ಟೀರಿಯೋ ಇರುವುದುಂಟು. ಭಾಷೆ ಬದಲಿಸಿದಾಗ ಸದ್ದು ಸಪ್ಪೆಯಾದರೆ ಅದು ತಂತಿಯ ದೋಷವಲ್ಲ.

ಡಿಜಿಟಲ್ ಕೇಬಲ್ಲಿಗೆ ಚಿನ್ನದ ಲೇಪ ಬಳಿದು ಹತ್ತು ಪಟ್ಟು ಬೆಲೆ ಕೇಳಿದರೆ ಕೊಡಬೇಕಾಗಿಲ್ಲ. ಅಂಕಿಗಳು ಸರಿಯಾಗಿ ತಲುಪಿದರೆ ಅಗ್ಗದ ಕೇಬಲ್ಲೂ ಅದೇ ಸದ್ದು ಕೊಡುತ್ತದೆ. ತಲುಪದಿದ್ದರೆ ಸದ್ದು ಕಡಿದು ಕಡಿದು ಬರುತ್ತದೆ, ಇಲ್ಲವೆ ನಿಂತೇ ಹೋಗುತ್ತದೆ. ಲೆಕ್ಕಕ್ಕೆ ಬರುವುದು ಉದ್ದ. 4ಕೆ ಚಿತ್ರವೂ ಜೊತೆಗೆ ಹೋಗಬೇಕಾಗಿದ್ದು ದೂರ 5 ಮೀಟರ್ ದಾಟಿದರೆ ಫೈಬರ್ ಎಚ್‌ಡಿಎಂಐ ಕೇಬಲ್ ಬೇಕಾಗಬಹುದು. ಅದಕ್ಕೆ ತಲೆ, ಬಾಲ ಇದೆ: ಪ್ಲೇಯರಿನ ತುದಿ ಬೇರೆ, ಟಿವಿಯ ತುದಿ ಬೇರೆ. ಗೋಡೆಯೊಳಗೆ ಹೂಳುವ ಮುಂಚೆ ಒಮ್ಮೆ ಓಡಿಸಿ ನೋಡುವುದು ಕ್ಷೇಮ.

ಪ್ರೊಸೆಸರಿನಿಂದ ಪವರ್ ಆಂಪ್ಲಿಫೈಯರಿಗೆ ಹೋಗುವುದು ಅಂಕಿಯಲ್ಲ, ಅಲೆ. ಇಲ್ಲಿ ತಂತಿ ಒಳ್ಳೆಯದಿರಬೇಕು. ದೂರ ಹೆಚ್ಚಿದ್ದರೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಜೋಡಣೆ ಹೊರಗಿನ ಗದ್ದಲವನ್ನು ತಡೆಯುತ್ತದೆ.

ಇಷ್ಟಾದರೂ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಉಳಿದರೆ ಅರ್ಥಿಂಗ್ ನೋಡಬೇಕು. ಟಿವಿಗೆ ಒಂದು ಅರ್ಥ್, ಕೇಬಲ್ ಲೈನಿಗೆ ಇನ್ನೊಂದು, ಆಂಪ್ಲಿಫೈಯರಿಗೆ ಮತ್ತೊಂದು ಆದಾಗ ಅವುಗಳ ನಡುವೆ ವಿದ್ಯುತ್ ಸುತ್ತುತ್ತದೆ. ಆದವಾನಿ ಕಡೆಯ ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಒಣಗಿದ ಮಣ್ಣಿನಲ್ಲಿ ಅರ್ಥಿಂಗ್ ದುರ್ಬಲವಾಗುತ್ತದೆ. ಗುಂಡಿಗೆ ಉಪ್ಪು, ಇದ್ದಿಲು ತುಂಬಿ, ಬೇಸಿಗೆಯುದ್ದಕ್ಕೂ ನೀರು ಹಾಕುತ್ತಿರಬೇಕು. ಎಲ್ಲ ಪೆಟ್ಟಿಗೆಗಳಿಗೂ ಒಂದೇ ಬೋರ್ಡಿನಿಂದ ಕರೆಂಟು ಕೊಡಬೇಕು. ಆಗಲೂ ಹೋಗದಿದ್ದರೆ ಸ್ಟೀರಿಯೋ ಸಾಕಾಗುವ ಕಡೆ ಆಪ್ಟಿಕಲ್ ಕೇಬಲ್ ನೆರವಿಗೆ ಬರುತ್ತದೆ. ಬೆಳಕಿನ ದಾರಿಯಲ್ಲಿ ಕರೆಂಟು ಹರಿಯುವುದಿಲ್ಲ. ಗುಂಯ್ ನಿಲ್ಲಿಸಲೆಂದು ಪ್ಲಗ್ಗಿನ ದಪ್ಪ ಪಿನ್ನನ್ನು ಮಾತ್ರ ಯಾರೂ ಕತ್ತರಿಸಬಾರದು. ಆಂಪ್ಲಿಫೈಯರಿನ ಲೋಹದ ಮೈಗೆ 230 ವೋಲ್ಟ್ ಹರಿದಾಗ ಮನೆಯವರ ಜೀವ ಕಾಯುವುದು ಅದೊಂದೇ ಪಿನ್ನು.