ಒಲೆ ಸಣ್ಣಗಾದರೆ ಗ್ಯಾಸ್ ತೀರಿತು ಎನ್ನಬೇಡಿ

ಡಿಸೆಂಬರ್ ಬಂತೆಂದರೆ ಪೀರನವಾಡಿಯ ಅಡುಗೆಮನೆಗಳಲ್ಲಿ ನಸುಕಿನ ಪ್ರಶ್ನೆ ಒಂದೇ: "ಗ್ಯಾಸ್ ತೀರಿತೇನ್ರೀ?" ಉದ್ಯಮಬಾಗದ ಮೊದಲ ಪಾಳಿಗೆ ಹೋಗುವವರ ಡಬ್ಬಿಗೆ ರೊಟ್ಟಿ ಬಡಿಯಬೇಕು. ಒಲೆಯ ಉರಿ ನೋಡಿದರೆ ದೇವರ ದೀಪದಷ್ಟು. ಬೆಳಗಾವಿ ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರದಲ್ಲಿದೆ, ರಾತ್ರಿಯೆಲ್ಲ ಬರಿ ಫರಸಿಯ ಮೇಲೆ ನಿಂತ ಸಿಲಿಂಡರ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಬದಲಿಸುವ ಮುಂಚೆ ಒದ್ದೆ ಬಟ್ಟೆಯಿಂದ ಅದರ ಮೈಯನ್ನು ಮೇಲಿನಿಂದ ಕೆಳಗೆ ಒರೆಸಿ. ಮೇಲ್ಭಾಗ ಬೇಗ ಒಣಗಿ, ಕೆಳಗೆ ಒಂದು ಗೆರೆಯಿಂದಾಚೆ ತೇವ ಉಳಿದರೆ ಅಲ್ಲಿಯವರೆಗೆ ಗ್ಯಾಸ್ ಇದೆ.

ಇದ್ದೂ ಯಾಕೆ ಬರುವುದಿಲ್ಲ? ಒಳಗಿರುವುದು ಪ್ರೋಪೇನ್ ಮತ್ತು ಬ್ಯುಟೇನ್ ಕೂಡಿದ ದ್ರವ. ಪ್ರೋಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿಯುತ್ತದೆ, ಬ್ಯುಟೇನಿಗೆ ಸೊನ್ನೆಯ ಆಸುಪಾಸು ಬೇಕು. ಹಗುರಾದದ್ದು ಮುಂಚೆ ಹೊರಟುಹೋಗಿ, ಕೊನೆಗೆ ಉಳಿಯುವುದು ಹೆಚ್ಚಾಗಿ ಬ್ಯುಟೇನ್. ದ್ರವ ಆವಿಯಾಗಲು ಬೇಕಾದ ಕಾವನ್ನು ಸಿಲಿಂಡರಿನ ಕಬ್ಬಿಣದಿಂದಲೇ ಎಳೆದುಕೊಳ್ಳುವುದರಿಂದ ಒಲೆ ಉರಿದಷ್ಟೂ ಅದು ಇನ್ನಷ್ಟು ತಣ್ಣಗಾಗುತ್ತದೆ. ಹಾಗಾಗಿ ಎರಡೂ ಒಲೆ ಒಟ್ಟಿಗೆ ಹಚ್ಚಬೇಡಿ, ಸಿಲಿಂಡರಿನ ಕೆಳಗೆ ಕಟ್ಟಿಗೆಯ ಮಣೆ ಇಡಿ. ಅದನ್ನು ಕುದಿನೀರಲ್ಲಿ ನಿಲ್ಲಿಸುವವರು, ಅಡ್ಡ ಮಲಗಿಸುವವರು ಇದ್ದಾರೆ. ಎರಡೂ ಅಪಾಯದ ಕೆಲಸ. ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆಯಿರಿ, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಚಳಿಗೆ ಮೊಸರು ಹೆಪ್ಪುಗಟ್ಟದಿರುವುದು ಸಣ್ಣ ತಕರಾರು. ಖಾನಾಪುರದ ಮಣ್ಣಿನ ಗಡಿಗೆಯ ಮೊಸರು ರುಚಿಯೇ ಸರಿ, ಆದರೆ ಗಡಿಗೆಯ ಮೈಯಿಂದ ನೀರು ಜಿನುಗಿ ಆರುತ್ತ ಒಳಗಿನದನ್ನು ತಂಪು ಮಾಡುತ್ತದೆ. ಬೇಸಿಗೆಯಲ್ಲಿ ಬೇಕಾದ ಈ ಗುಣ ಜನವರಿಯಲ್ಲಿ ಅಡ್ಡಿ. ಚಳಿಗಾಲದಲ್ಲಿ ಸ್ಟೀಲ್ ಡಬ್ಬಿಯೇ ಲೇಸು. ಹಾಲು ಉಗುರು ಬೆಚ್ಚಗಿಂತ ತುಸು ಹೆಚ್ಚೇ ಬಿಸಿ ಇರಲಿ, ಹೆಪ್ಪು ಇಮ್ಮಡಿಯಾಗಲಿ. ಮುಚ್ಚಳ ಬಿಗಿದು ಜೋಳದ ಹಿಟ್ಟಿನ ಡಬ್ಬಿಯೊಳಗೆ ಹುದುಗಿಸಿ, ಮೇಲೊಂದು ಹಳೆ ಕೌದಿ ಹೊದಿಸಿದರೆ ಬೆಳಗಿಗೆ ಗಟ್ಟಿ.

ನಿಜವಾಗಿ ಭಯಪಡಬೇಕಾದದ್ದು ಬಚ್ಚಲಿಗೆ. ಗ್ಯಾಸ್ ಗೀಸರನ್ನು ಬಚ್ಚಲಿನೊಳಗೇ ಕೂರಿಸಿ, ಗಾಳಿ ಬರುತ್ತದೆಂದು ಕಿಟಕಿಗೆ ಪ್ಲಾಸ್ಟಿಕ್ ಬಡಿದ ಮನೆಗಳಿವೆ. ಆಮ್ಲಜನಕ ಸಾಲದೆ ಉರಿಯುವ ಗ್ಯಾಸು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು ಅದು ಹಿಡಿದುಬಿಡುತ್ತದೆ. ತಲೆನೋವು, ತಲೆಸುತ್ತು, ಕಾಲಲ್ಲಿ ಬಲವಿಲ್ಲ ಅನಿಸಿದರೆ ಸೋಪು ತೊಳೆಯುತ್ತ ನಿಲ್ಲಬೇಡಿ, ಚಿಲಕ ತೆಗೆದು ಹೊರಗೆ ಬನ್ನಿ. ಗೀಸರ್ ಇರಬೇಕಾದ್ದು ಬಚ್ಚಲಿನ ಹೊರಗೋಡೆಗೆ. ಬಾಗಿಲು ಹಾಕಿದ ಕೋಣೆಯಲ್ಲಿ ಇದ್ದಲಿನ ಶೇಗಡಿ ಇಟ್ಟು ಮಲಗುವುದೂ ಇದೇ ಅಪಾಯ, ಕೆಂಡ ಬೂದಿ ಮುಚ್ಚಿಕೊಂಡಿದ್ದರೂ ಸರಿ.

ಕರೆಂಟಿನ ರಾಡ್ ಬಳಸುವವರಿಗೆ ಒಂದು ಲೆಕ್ಕ: 1500 ವ್ಯಾಟಿನ ರಾಡ್ 20 ಲೀಟರ್ ನೀರನ್ನು 20ರಿಂದ 45 ಡಿಗ್ರಿಗೆ ತರಲು ಸುಮಾರು 25 ನಿಮಿಷ, ಅರ್ಧ ಯೂನಿಟಿಗಿಂತ ಸ್ವಲ್ಪ ಹೆಚ್ಚು. ರಾಡಿನ ಮೇಲೆ ಬಿಳಿ ಸುಣ್ಣದ ಪದರ ಕೂತಿದೆಯೇ ಎಂದು ಆಗಾಗ ನೋಡಿ. ಪ್ಲಗ್ ಕಿತ್ತು, ರಾಡ್ ಆರಿದ ಮೇಲೆ ಲಿಂಬೆರಸದಲ್ಲಿ ನೆನೆಸಿ ಉಜ್ಜಿದರೆ ಅದು ಬಿಡುತ್ತದೆ. ಕಾಯ್ದಿದೆಯೇ ಎಂದು ಬೆರಳು ಅದ್ದುವುದು ಪ್ಲಗ್ ಕಿತ್ತ ಮೇಲೆ ಮಾತ್ರ.

ಇನ್ನು ಬಾಗಿಲ ಸಂದಿಯಿಂದ ನುಗ್ಗುವ ಗಾಳಿ. ಇದು ಆಗಸ್ಟಿನಲ್ಲಿ ನಾವೇ ಮಾಡಿಕೊಂಡದ್ದು. ಮಳೆಗೆ ಉಬ್ಬಿ ಸಿಕ್ಕಿಕೊಂಡ ಬಾಗಿಲಿಗೆ ಬಡಿಗರನ್ನು ಕರೆಸಿ ಕೀಸುಳಿ ಹೊಡೆಸಿದ್ದೆವು, ಈಗ ಕಟ್ಟಿಗೆ ಒಣಗಿ ಕುಗ್ಗಿದೆ. ಸಂದಿಗೆ ಸಿಮೆಂಟು, ಪುಟ್ಟಿ ಮೆತ್ತಬೇಡಿ. ಚೌಕಟ್ಟಿಗೆ ಅಂಟುವ ಫೋಮ್ ಪಟ್ಟಿ ಹಚ್ಚಿ, ಜೂನಿನಲ್ಲಿ ಬಾಗಿಲು ಮತ್ತೆ ಉಬ್ಬಿದಾಗ ಕಿತ್ತರಾಯಿತು.