ತೆಗೆದ ಗಡ್ಡೆಯೇ ಮುಂದಿನ ಚಿಕಿತ್ಸೆಗೆ ದಾರಿ ತೋರಿಸುತ್ತದೆ

ಮಗುವಿಗೆ ಸ್ನಾನ ಮಾಡಿಸುವಾಗ ಹೊಟ್ಟೆಯ ಒಂದು ಬದಿಯಲ್ಲಿ ಗಟ್ಟಿಯಾದ ಗಡ್ಡೆ ಕೈಗೆ ತಾಗಿತೇ? ನೋವಿಲ್ಲ, ಮಗು ಆಡಿಕೊಂಡಿದೆ ಎಂದು ಸುಮ್ಮನಿರಬೇಡಿ. ದಾದಿಮಾ ಎಣ್ಣೆ ಹಚ್ಚಿ ತಿಕ್ಕಲು ಹೊರಟರೆ ಪ್ರೀತಿಯಿಂದಲೇ ತಡೆಯಿರಿ. ಅದು ಮೂತ್ರಪಿಂಡದ ಗಡ್ಡೆಯಾಗಿದ್ದರೆ ಒತ್ತಿದಾಗ ಒಡೆದು, ರೋಗ ಹೊಟ್ಟೆಯೊಳಗೆ ಹರಡಬಹುದು.

ಚಿಕ್ಕ ಮಕ್ಕಳ ಮೂತ್ರಪಿಂಡದ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ವಿಲ್ಮ್ಸ್ ಗಡ್ಡೆಗಳು. 1899ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದ ಜರ್ಮನ್ ಶಸ್ತ್ರವೈದ್ಯ ಮ್ಯಾಕ್ಸ್ ವಿಲ್ಮ್ಸ್ ಅವರ ಹೆಸರೇ ಇದಕ್ಕೆ ಬಂದಿದೆ. ಸಾಮಾನ್ಯವಾಗಿ 3–4 ವರ್ಷದ ಆಸುಪಾಸಿನಲ್ಲಿ ಕಾಣಿಸುತ್ತದೆ. ಕೆಲವು ಮಕ್ಕಳಿಗೆ ಮೂತ್ರದಲ್ಲಿ ರಕ್ತ, ಜ್ವರ, ಹೆಚ್ಚಿದ ರಕ್ತದೊತ್ತಡವೂ ಇರುತ್ತದೆ. ಭಯಪಡಬೇಡಿ. ಪೂರ್ಣ ಚಿಕಿತ್ಸೆ ಸಿಗುವ ಮುಂದುವರಿದ ದೇಶಗಳಲ್ಲಿ 10 ಮಕ್ಕಳಲ್ಲಿ ಸುಮಾರು 9 ಮಕ್ಕಳು ಬದುಕುತ್ತಾರೆ. ಒಂದು ಮೂತ್ರಪಿಂಡ ತೆಗೆದರೂ ಆರೋಗ್ಯವಂತವಾದ ಇನ್ನೊಂದು ಸಾಕಾಗುತ್ತದೆ.

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯನ್ನು ಫಾರ್ಮಲಿನ್‌ನಲ್ಲಿಟ್ಟು, ಅದರ ಚೂರುಗಳನ್ನು ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡುತ್ತಾರೆ. ಅದರಿಂದ ತೆಳುವಾದ ಪದರ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಜೀವಕೋಶಗಳ ನಡುಬೀಜ ದೊಡ್ಡದಾಗಿ, ಅಡ್ಡಾದಿಡ್ಡಿಯಾಗಿ ಕಂಡರೆ ಗಡ್ಡೆ ಹಟಮಾರಿ ಎಂದರ್ಥ. 1 ಮತ್ತು 16ನೇ ಕ್ರೋಮೋಸೋಮ್‌ಗಳ ನಿರ್ದಿಷ್ಟ ತುಣುಕುಗಳು ಕಳೆದುಹೋಗಿದ್ದರೆ ರೋಗ ಮರಳುವ ಸಂಭವ ಹೆಚ್ಚು. ಇಂಥ ಗುರುತುಗಳಿಗೆ ಬಯೋಮಾರ್ಕರ್ ಎನ್ನುತ್ತಾರೆ. ಈ ರೋಗಕ್ಕೆ ಸಂಬಂಧಿಸಿದ ಡಬ್ಲ್ಯೂಟಿ1 ಎಂಬ ಜೀನ್ 1990ರಲ್ಲಿ ಪತ್ತೆಯಾಯಿತು.

ಇದರಿಂದ ನಿಮ್ಮ ಮಗುವಿಗೇನು ಲಾಭ? ಅಪಾಯ ಹೆಚ್ಚಿದ್ದರೆ ಬಲವಾದ ಔಷಧಿ ಮೊದಲೇ ಶುರುವಾಗುತ್ತದೆ. ಕಡಿಮೆಯಿದ್ದರೆ ಹೃದಯಕ್ಕೆ ಹಾನಿ ಮಾಡಬಲ್ಲ ಔಷಧಿಯನ್ನೂ ವಿಕಿರಣವನ್ನೂ ತಪ್ಪಿಸಲು ಸಾಧ್ಯವಾಗುತ್ತದೆ.

ವಿಜಯಪುರದ ಅಥಣಿ ರಸ್ತೆಯಲ್ಲೇ ಜಿಲ್ಲಾ ಆಸ್ಪತ್ರೆಯೂ ಅಲ್-ಅಮೀನ್ ಮೆಡಿಕಲ್ ಕಾಲೇಜೂ ಇವೆ. ತಿಕೋಟಾ, ಬಬಲೇಶ್ವರದವರು ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ, ಹೊಟ್ಟೆಯ ಸ್ಕ್ಯಾನಿಂಗ್ ಬಗ್ಗೆ ಕೇಳಿ. ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಬೇರೆ ಕ್ಯಾನ್ಸರ್ ಆಸ್ಪತ್ರೆಗೋ ಹೋಗಬೇಕಾಗಬಹುದು. ಇಲ್ಲೇ ಆಪರೇಷನ್ ಆಗಿದ್ದರೆ ರಿಪೋರ್ಟ್ ಜೊತೆಗೆ ಸ್ಲೈಡ್ ಮತ್ತು ಬ್ಲಾಕ್‌ಗಳನ್ನೂ ಕೇಳಿ ಪಡೆದು ಒಯ್ಯಿರಿ. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಮರೆಯದೆ ವಿಚಾರಿಸಿ.

ತೆಗೆದ ಅಂಗವನ್ನು ಕೂಡಲೇ ದಫನ್ ಮಾಡಬೇಕೆಂದು ಕೇಳುವ ಕುಟುಂಬಗಳಿವೆ. ಆ ಗೌರವದ ಭಾವನೆ ಸರಿಯಾದುದೇ. ಆದರೆ ಪರೀಕ್ಷೆಗೆ ಮುಂಚೆ ಒಯ್ದರೆ ಮಗುವಿನ ಚಿಕಿತ್ಸೆಯ ದಾರಿಯೇ ಮಸುಕಾಗುತ್ತದೆ. ಮೊದಲು ಪರೀಕ್ಷೆಯಾಗಲಿ. ಉಳಿದ ಭಾಗದ ಬಗ್ಗೆ ವೈದ್ಯರನ್ನೂ ನಿಮ್ಮ ಆಲಿಮರನ್ನೂ ಕೇಳಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯ, ಮಗು ಚೇತರಿಸಿಕೊಂಡಂತೆ ಕಂಡಿತೆಂದು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬೇಡಿ. ದುಆ ಮಾಡುತ್ತಿರಿ, ಔಷಧಿಯ ತಾರೀಖನ್ನೂ ತಪ್ಪಿಸಬೇಡಿ.